ಹಸಿರು ಪೀಪಾಯಿಗಳು

ಮಳೆಗಾಲ ಹಿಂದೆ ಸರಿದು ಹೊಳೆಯ ಕೆಂಪು ನೀರು ತಿಳಿಯಾಗತೊಡಗಿದರೆ ಸಾಕು, ದೋಣಿ ಎಂಜಿನ್ ರಿಪೇರಿಯ ಮೇಸ್ತ್ರಿಗೆ ಬೆನ್ನು ತುರಿಸಿಕೊಳ್ಳಲೂ ಪುರುಸೊತ್ತಿರುತ್ತಿರಲಿಲ್ಲ. ನಾಲ್ಕು ತಿಂಗಳು ತಾಡಪಾಲು ಹೊದ್ದು ಮಲಗಿದ್ದ ದೋಣಿಗಳೆಲ್ಲ ಒಂದೇ ವಾರದಲ್ಲಿ ಎದ್ದು ಅವನನ್ನು ಕರೆಯುತ್ತಿದ್ದವು. ಒಂದರ ಬೆಲ್ಟು ಹರಿದಿದೆ, ಇನ್ನೊಂದರ ಪಂಪು ಕಚ್ಚಿಕೊಂಡಿದೆ, ಮತ್ತೊಂದರ ಬ್ಯಾಟರಿ ಸತ್ತಿದೆ. ಅವನ್ನೆಲ್ಲ ಬದಿಗಿಟ್ಟು ಈ ಬೆಳಿಗ್ಗೆ ಅವನು ಕೂತಿದ್ದದ್ದು ಹೆಂಡತಿಯ ಅಣ್ಣನ ಬಿಳಿ ದೋಣಿಯ ಹೊಟ್ಟೆಯೊಳಗೆ, ಡೀಸೆಲ್ ಟ್ಯಾಂಕಿನ ಮುಂದೆ. ಭಾವನ ವಿಹಾರದ ದೋಣಿಯ ಕೆಲಸ ಯಾವತ್ತೂ ಮೊದಲು, ಯಾವತ್ತೂ ಪುಕ್ಕಟೆ.

ಆರು ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದವನು ಮುಖ ತಿರುಗಿಸಿಕೊಂಡ. ಡೀಸೆಲ್ ವಾಸನೆ ಅವನಿಗೆ ಹೊಸದಲ್ಲ. ತಲೆದಿಂಬಿಗೂ ಅದೇ ಹತ್ತಿದೆ ಎಂದು ಹೆಂಡತಿ ದಿನಾ ಗೊಣಗುತ್ತಾಳೆ. ಆದರೆ ಇದು ಬೇರೆ. ಕೊಳೆತ ಮೊಟ್ಟೆಯನ್ನು ಮೂಗಿನ ಕೆಳಗೇ ಒಡೆದ ಹಾಗಿತ್ತು. ಉಸಿರು ಬಿಗಿಹಿಡಿದು, ಮೊಣಕೈವರೆಗೂ ಕೈ ಒಳಗೆ ಇಳಿಸಿ, ತಳವನ್ನು ತಡವಿದ. ಲೋಳೆ. ಎತ್ತಿದರೆ ಕಪ್ಪಗೆ, ಸಿಂಬಳದ ಹಾಗೆ ಬೆರಳಿನಿಂದ ಜೋತಾಡಿತು. ಉದುರಲಿಲ್ಲ. ಕೊಡವಿದರೆ ಮಣಿಕಟ್ಟಿಗೆ ಸುತ್ತಿಕೊಂಡಿತು.

ಇದು ಎಲ್ಲಿಂದ ಬಂತೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಲೆ ಏರುತ್ತದೆಂದು ಯಾರೋ ಹೇಳಿದ್ದೇ ತಡ, ಭಾವ ಮಳೆಗೆ ಮೊದಲೇ ನಾಲ್ಕು ಪೀಪಾಯಿ ಡೀಸೆಲ್ ಕೊಂಡು ಅಂಗಳದಲ್ಲಿ ನಿಲ್ಲಿಸಿದ್ದ. "ಅಡ್ಡ ಮಲಗಿಸಿಡಿ ಭಾವ, ಇಲ್ಲಾ ಸೂರಿನ ಕೆಳಗಾದ್ರೂ ಇಡಿ" ಎಂದು ಮೇಸ್ತ್ರಿ ಎರಡು ಸಲ ಹೇಳಿದ್ದ. ನಿಂತ ಪೀಪಾಯಿಯ ತಲೆಯ ಮೇಲೆ ತಟ್ಟೆಯಲ್ಲಿ ನಿಂತಂತೆ ನೀರು ನಿಲ್ಲುತ್ತದೆ. ಹಗಲ ಬಿಸಿಲಿಗೆ ಉಬ್ಬಿದ ಪೀಪಾಯಿ ಸಂಜೆ ತಣ್ಣಗಾಗುವಾಗ ಒಳಕ್ಕೆ ಉಸಿರೆಳೆಯುತ್ತದೆ. ಬಿರಡೆಯ ಸಂದಿಯಿಂದ ಆ ನೀರನ್ನೂ ಹೀರಿಕೊಳ್ಳುತ್ತದೆ. ನೀರು ಸೇರಿದ ಡೀಸೆಲಿನಲ್ಲಿ ಹುಳ ಹುಟ್ಟಿದ ಹಾಗೆ ಲೋಳೆ ಹುಟ್ಟುತ್ತದೆ. ಭಾವ ನಕ್ಕುಬಿಟ್ಟಿದ್ದ. ಮಲಗಿಸಿದರೆ ಅಂಗಳದ ಅಂದ ಕೆಡುತ್ತದೆಂದು ಪೀಪಾಯಿಗಳಿಗೆ ಹಸಿರು ಬಣ್ಣ ಬಳಿಸಿ, ಸಾಲಾಗಿ ನಿಲ್ಲಿಸಿ, ಒಂದೊಂದರ ತಲೆಯ ಮೇಲೂ ಹೂಕುಂಡ ಇಟ್ಟಿದ್ದ. ಮಳೆ ಬಾರದ ದಿನ ಅತ್ತಿಗೆ ಆ ಕುಂಡಗಳಿಗೆ ತಪ್ಪದೆ ನೀರು ಹುಯ್ಯುತ್ತಿದ್ದಳು. ಅದರಲ್ಲೊಂದು ಪೀಪಾಯಿಯ ಡೀಸೆಲನ್ನೇ ಭಾವ ಹೋದ ವಾರ ಈ ಟ್ಯಾಂಕಿಗೆ ತುಂಬಿಸಿದ್ದ.

ಮೇಸ್ತ್ರಿ ಒಂದು ಗಾಜಿನ ಜಾಡಿಗೆ ಟ್ಯಾಂಕಿನ ತಳದಿಂದ ಹೀರಿ ತುಂಬಿ, ಹಲಗೆಯ ಮೇಲಿಟ್ಟ. ಯಾವ ದೋಣಿಯೇ ಇರಲಿ, ಅವನ ಕ್ರಮ ಅದು. ಬಾಯಿಮಾತಿಗಿಂತ ಜಾಡಿಯ ಮಾತನ್ನು ಜನ ಬೇಗ ನಂಬುತ್ತಾರೆ. ಅರ್ಧ ಗಂಟೆಯಲ್ಲಿ ಜಾಡಿ ಮೂರು ಪಾಲಾಯಿತು: ಕೆಳಗೆ ಕೊಚ್ಚೆ ನೀರು, ನಡುವೆ ಕಪ್ಪು ಲೋಳೆಯ ಪದರ, ಮೇಲೆ ಡೀಸೆಲ್.

ಅಷ್ಟರಲ್ಲಿ ಭಾವ ಬಂದ. ಇಸ್ತ್ರಿ ಅಂಗಿ, ಮೂಗಿಗೆ ಕರವಸ್ತ್ರ.

"ಏನೋ ಮೇಸ್ತ್ರಿ, ನನ್ನ ದೋಣೀಲಿ ಏನು ಸತ್ತಿದೆಯೋ?"

"ಸತ್ತಿಲ್ಲ ಭಾವ, ಹುಟ್ಟಿದೆ. ನಿಮ್ಮ ಹೂಕುಂಡದ ಮಕ್ಕಳು." ಮೇಸ್ತ್ರಿ ಜಾಡಿ ಎತ್ತಿ ಹಿಡಿದ. "ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಉಜ್ಜಬೇಕು. ಮಿಕ್ಕ ಪೀಪಾಯಿಗಳದ್ದೂ ಇದೇ ಗತಿ. ಚೆಲ್ಲೋ ಜಾಗಕ್ಕೆ ಕಳಿಸಿಬಿಡಿ."

"ಚೆಲ್ಲೋದಾ? ದುಡ್ಡು ಮರದಲ್ಲಿ ಬೆಳೀತಾ?" ಭಾವ ಕರವಸ್ತ್ರ ತೆಗೆದು ನಕ್ಕ. "ಅದರ ಚಿಂತೆ ನಿನಗ್ಯಾಕೆ? ಗಿರಾಕಿ ಸಿಕ್ಕಾಯ್ತು. ಕಡವಿನ ಅಂಬಿಗ ನಿನ್ನೆ ಎರಡು ಕ್ಯಾನು ಒಯ್ದ. ಮಿಕ್ಕಿದ್ದಕ್ಕೂ ಅವನೇ ಬರ್ತಾನೆ."

ಮೇಸ್ತ್ರಿ ಜಾಡಿಯನ್ನು ಹಲಗೆಗೆ ಕುಕ್ಕಿದ; ಮೂರು ಪದರವೂ ಕಲಸಿಹೋಯಿತು.

"ಅವನು ನಾಳೆ ಬೆಳಿಗ್ಗೆಯಿಂದ ಜನ ದಾಟಿಸ್ತಾನೆ ಭಾವ. ಶಾಲೆ ಮಕ್ಕಳಿರ್ತಾರೆ. ನಡುಹೊಳೇಲಿ ಎಂಜಿನ್ ನಿಂತ್ರೆ? ಸೆಳವು ಇನ್ನೂ ಇಳಿದಿಲ್ಲ."

"ಅವನದ್ದು ಹಳೇ ಎಂಜಿನ್ನು ಮಾರಾಯ, ಕೊಚ್ಚೆ ಕುಡಿಸಿದ್ರೂ ಓಡುತ್ತೆ. ಮಂಡೆ ಬಿಸಿ ಮಾಡ್ಕೋಬೇಡ. ಭಾನುವಾರ ಮನೆಯವರೆಲ್ಲ ತಿರುಗಾಡಕ್ಕೆ ಹೋಗ್ಬೇಕು, ನನ್ನ ಟ್ಯಾಂಕು ಮಾತ್ರ ಪಳಪಳ ಅನ್ನಬೇಕು, ತಿಳೀತಾ?"

ಮೇಸ್ತ್ರಿ ಬಟ್ಟೆಗೆ ಕೈ ಒರೆಸಿಕೊಂಡ. ಲೋಳೆ ಬಟ್ಟೆಗೆ ಹತ್ತಿತು, ಕೈಯನ್ನೂ ಬಿಡಲಿಲ್ಲ. ತನ್ನ ಸಲಕರಣೆಯ ಕೆಂಪು ಪೆಟ್ಟಿಗೆಯನ್ನು ಗಾಡಿಗೆ ಹಾಕಿಕೊಂಡು, ಟ್ಯಾಂಕು ತೆರೆದದ್ದು ತೆರೆದಂತೆಯೇ ಬಿಟ್ಟು, ಕಡವಿನ ಕಡೆ ಹೊರಟ.

ಅಂಬಿಗ ಮುದುಕ ದೋಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಟ್ಯಾಂಕಿನ ಬಾಯಿಗೆ ಹಳೆ ಬನೀನು ಕಟ್ಟಿ ಸೋಸುತ್ತಿದ್ದ. ಒಂದು ಕ್ಯಾನು ಆಗಲೇ ಬರಿದಾಗಿತ್ತು. ಬನೀನಿನ ಮೇಲೆ ಕಪ್ಪನೆಯದು ಗುಡ್ಡೆಗಟ್ಟಿತ್ತು.

"ಬಾ ಮೇಸ್ತ್ರಿ, ಒಳ್ಳೇ ಹೊತ್ತಿಗೆ ಬಂದೆ. ಇದೇನೋ ಕಪ್ಪೆ ಉಗುಳಿದ ಹಾಗಿದೆಯಲ್ಲೋ?"

"ಸುರೀಬೇಡ ಅಜ್ಜ, ನಿಲ್ಲಿಸು. ಯಾರು ಹೇಳಿದ್ರು ನಿನಗೆ ಇದನ್ನ ತಗೋ ಅಂತ?"

ಅಂಬಿಗ ತಲೆಯೆತ್ತಿ ನೋಡಿದ. "ನೀನೇ ಅಲ್ವೇನೋ? ‘ಮೇಸ್ತ್ರಿ ಜಾಡೀಲಿಟ್ಟು ನೋಡಿದಾನೆ, ಕಣ್ಣುಮುಚ್ಚಿ ತಗೋ’ ಅಂದ್ರು ನಿಮ್ಮ ಭಾವ. ಇಲ್ದೇ ಹೋದ್ರೆ ಆ ಮನುಷ್ಯನ ಕೈಯಿಂದ ನಾನು ನೀರೂ ಕುಡಿಯೋನಲ್ಲ."

ಟ್ಯಾಂಕಿನೊಳಗೆ ಮೊಣಕೈ ಇಳಿಸಿದಾಗ ಬಾರದಷ್ಟು ಹೇಸಿಗೆ ಈಗ ಮೇಸ್ತ್ರಿಯ ಮೈಯೆಲ್ಲ ಹರಿಯಿತು. ದಡದ ಅಂಚಿಗೆ ಹೋಗಿ ಬಗ್ಗಿ, ಬೆಳಿಗ್ಗೆ ಕುಡಿದ ಚಹಾವನ್ನು ಕಕ್ಕಿದ.

"ಏನಾಯ್ತೋ?"

"ಏನಿಲ್ಲ ಅಜ್ಜ. ಬಾ, ಟ್ಯಾಂಕು ಇಳಿಸೋಣ."

ಇಬ್ಬರೂ ಸೇರಿ ಟ್ಯಾಂಕು ಬಿಚ್ಚಿ, ಒಳಗಿನದ್ದನ್ನೆಲ್ಲ ಕ್ಯಾನಿಗೆ ವಾಪಸು ಸುರಿದರು. ಮೇಸ್ತ್ರಿ ಒಳಮೈಯನ್ನು ಎರಡು ಸಲ ತೊಳೆದ, ಫಿಲ್ಟರ್ ಬದಲಾಯಿಸಿದ, ತನ್ನ ಅಂಗಡಿಯಿಂದ ಒಳ್ಳೆಯ ಡೀಸೆಲ್ ತಂದು ತುಂಬಿದ. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಹಿಡಿಯಿತು. ಅದು ಒಂದು ಗಂಟೆ ಎಡೆಬಿಡದೆ ಓಡುವವರೆಗೂ ಅವನು ಅಲ್ಲಿಂದ ಏಳಲಿಲ್ಲ. ಎಷ್ಟಾಯಿತೆಂದು ಮುದುಕ ಕೇಳಿದ್ದಕ್ಕೆ, "ನನ್ನ ಹೆಸರು ನಂಬಿ ಕೆಟ್ಟೆಯಲ್ಲ, ಅಷ್ಟೇ ಸಾಕು" ಎಂದ.

ಎರಡು ಕ್ಯಾನುಗಳನ್ನೂ ಹೇರಿಕೊಂಡು ಅವನು ಬಿಳಿ ದೋಣಿಗೆ ಮರಳಿದಾಗ ಬಿಸಿಲು ಇಳಿದಿತ್ತು. ಭಾವ ಮೆತ್ತೆಯ ಮೇಲೆ ಕಾಲು ಚಾಚಿ ಕೂತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ದೆ? ವಾಸನೆಗೆ ತಲೆ ಸಿಡೀತಿದೆ ನನಗೆ."

ಮೇಸ್ತ್ರಿ ಕ್ಯಾನುಗಳನ್ನು ಅವನ ಕಾಲ ಬಳಿ ಇಟ್ಟ. "ಅಂಬಿಗಜ್ಜನ ದುಡ್ಡು ಕೊಡಿ."

ಭಾವ ಅವನ ಮುಖ ನೋಡಿದ, ಕ್ಯಾನು ನೋಡಿದ, ಜೇಬಿಗೆ ಕೈಹಾಕಿ ನೋಟು ತೆಗೆದು ಬೆರಳ ತುದಿಯಲ್ಲಿ ಚಾಚಿದ. "ಯಾವನೋ ಅಂಬಿಗನಿಗೋಸ್ಕರ ಮನೆಯವರ ಮೇಲೇ ತಿರುಗಿ ಬೀಳ್ತೀಯಲ್ಲೋ. ಬರಿಗೈಲಿ ಅಲೀತಿದ್ದಾಗ ಆ ಪೆಟ್ಟಿಗೆ ತೆಗೆಸಿಕೊಟ್ಟಿದ್ದು ಯಾರು, ಜ್ಞಾಪಕ ಇದೆಯಾ?"

ಹನ್ನೆರಡು ವರ್ಷದಿಂದ ಪ್ರತಿ ಮಳೆಗಾಲದ ಕೊನೆಗೆ ಕೇಳುತ್ತಿದ್ದ ಮಾತು ಅದು.

"ಇದೆ ಭಾವ. ಅದಕ್ಕೇ ಪೆಟ್ಟಿಗೆ ತಂದಿದೀನಿ."

ಮೇಸ್ತ್ರಿ ನೋಟನ್ನು ಜೇಬಿಗಿಟ್ಟು, ಕೆಂಪು ಪೆಟ್ಟಿಗೆಯನ್ನು ತೆರೆದು, ತಾನು ಕೊಂಡಿದ್ದ ಸಾಮಾನನ್ನೆಲ್ಲ ಒಂದೊಂದಾಗಿ ಗೋಣಿಚೀಲಕ್ಕೆ ಹಾಕಿಕೊಂಡ. ಭಾವ ಕೊಟ್ಟದ್ದರಲ್ಲಿ ಉಳಿದಿದ್ದದ್ದು ನಾಲ್ಕೇ ಸ್ಪ್ಯಾನರ್. ಅವನ್ನು ಒಳಗೇ ಬಿಟ್ಟು, ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಬಿಳಿ ಮೆತ್ತೆಯ ಮೇಲಿಟ್ಟ. ಅಲ್ಲಿ ಐದು ಬೆರಳೂ ಕಪ್ಪಗೆ ಮೂಡಿದವು.

"ಅಯ್ಯೋ, ಮೆತ್ತೆ!" ಭಾವ ಎದ್ದು ನಿಂತ. "ಟ್ಯಾಂಕು ಯಾರೋ ಮುಚ್ತಾರೆ?"

"ಆರೇ ಬೋಲ್ಟು ಭಾವ," ಎಂದು ಮೇಸ್ತ್ರಿ ದಡಕ್ಕೆ ಕಾಲಿಟ್ಟ. "ಹದಿಮೂರನೇ ನಂಬರಿನ ಸ್ಪ್ಯಾನರ್ ಪೆಟ್ಟಿಗೇಲಿದೆ. ನೀವು ಕೊಟ್ಟಿದ್ದೇ."