ಬೆಂದ ಭತ್ತದ ಹದ

"ಇದನ್ನು ಅಕ್ಕಿ ಅಂತ ಹೇಳುದಾ ಧಣಿಗಳೇ? ಕೋಳಿಗೆ ಹಾಕಿದ್ರೂ ಮುಖ ತಿರುಗಿಸೀತು." ಜೈನಬಮ್ಮ ತ್ಯಾಂಪಣ್ಣನ ಅಂಗೈಯಲ್ಲಿದ್ದ ನುಚ್ಚನ್ನು ಬೆರಳಿನಿಂದ ಕೆದಕಿದಳು.

ತ್ಯಾಂಪಣ್ಣ ಕಡಬದಲ್ಲಿ ಅಕ್ಕಿ ಮಿಲ್ಲು ಹಾಕಿ ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಆಸುಪಾಸಿನ ಮನೆಗಳ ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ ಕುಚ್ಚಲಕ್ಕಿ ಮಾಡಿಕೊಡುತ್ತಿದ್ದವರು ಜೈನಬಮ್ಮ ಮತ್ತು ಸೀತು. ಒಂದೇ ಒರಳಿಗೆ ಇಬ್ಬರ ಒನಕೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಒಂದಕ್ಕೊಂದು ತಾಗಿದ್ದಿಲ್ಲ. ಅವರು ದಿನವಿಡೀ ಕುಟ್ಟುತ್ತಿದ್ದುದನ್ನು ವೀಳ್ಯ ಜಗಿದು ಉಗುಳುವಷ್ಟರಲ್ಲಿ ಮಿಲ್ಲು ಮುಗಿಸಿತು. ಒನಕೆಗಳು ಮೂಲೆ ಸೇರಿದವು. ಸೀತು ಕೆಲಸ ಹುಡುಕಿಕೊಂಡು ಪುತ್ತೂರಿಗೆ ಹೋಗುವ ಮಾತಾಡುತ್ತಿದ್ದಳು. ಜೈನಬಮ್ಮನನ್ನು ಹಸಿವಿಗಿಂತ ಹೆಚ್ಚಾಗಿ ಸುಟ್ಟದ್ದು, ಇನ್ನು ತಾನು ಯಾರಿಗೂ ಬೇಡ ಎಂಬ ಅವಮಾನ.

ಈಗ ಧಣಿಯೇ ಅವಳ ಜಗಲಿಗೆ ಬಂದು ನಿಂತಿದ್ದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

"ಎಂಜಿನು ಹೊಸತು ಮಾರಾಯ್ತಿ. ಅದನ್ನು ನಡೆಸುವ ಆಳು ಬಾವ ಎರಡು ಸಲ ಬಿಚ್ಚಿ ನೋಡಿದ, ಎಂತ ದೋಷವೂ ಇಲ್ಲ. ಆದ್ರೆ ಅರ್ಧಕ್ಕರ್ಧ ನುಚ್ಚು. ಜನ ಭತ್ತ ವಾಪಸು ತಕೊಂಡು ಹೋಗ್ತಾ ಇದ್ದಾರೆ."

"ಭತ್ತ ಒಣಗಿಸುದು ಎಲ್ಲಿ?"

"ಸಿಮೆಂಟಿನ ಅಂಗಳದಲ್ಲಿ. ಒಂದೇ ಬಿಸಿಲಿಗೆ ಗರಿಗರಿ ಒಣಗ್ತದೆ!" ನಷ್ಟದ ನಡುವೆಯೂ ಅಂಗಳದ ಹೆಮ್ಮೆ ಅವನನ್ನು ಬಿಟ್ಟಿರಲಿಲ್ಲ.

ಜೈನಬಮ್ಮ ನಕ್ಕುಬಿಟ್ಟಳು. "ಅದೇ ನಿಮ್ಮ ರೋಗ. ಬೆಂದ ಭತ್ತಕ್ಕೆ ಅರ್ಧ ಬಿಸಿಲು ಕೊಟ್ಟು ರಾಶಿ ಮಾಡ್ಬೇಕು. ಗೋಣಿ ಮುಚ್ಚಿ ನೆರಳಲ್ಲಿ ಮಲಗಿಸ್ಬೇಕು. ಮತ್ತೆ ಉಳಿದರ್ಧ ಬಿಸಿಲು. ಅವಸರ ಮಾಡಿದ್ರೆ ಕಾಳು ಒಳಗೇ ಬಿರುಕು ಬಿಡ್ತದೆ, ಹೊರಗೆ ಕಾಣುದಿಲ್ಲ."

"ಹಾಗಾದ್ರೆ ನೀವೇ ಬಂದು ನೋಡಿಕೊಳ್ಳಿ."

"ಬರ್ತೇನೆ. ಸೀತುವೂ ಬರ್ತಾಳೆ. ಮತ್ತೊಂದು ಮಾತು ಉಂಟು. ಹದ ಆಯ್ತು ಅಂತ ನಾನು ಹೇಳದೆ ಎಂಜಿನು ತಿರುಗಬಾರದು. ನೀವು ಹೇಳಿದ್ರೂ."

ತ್ಯಾಂಪಣ್ಣ ಮೀಸೆ ಸವರಿದ, ಕೈಯ ನುಚ್ಚನ್ನು ನೋಡಿದ, ಒಪ್ಪಿದ.

ಮೂರನೆಯ ದಿನ ಮಿಲ್ಲಿನಿಂದ ಅಕ್ಕಿ ಉದ್ದುದ್ದಕ್ಕೆ, ಇಡಿಇಡಿಯಾಗಿ ಬಿತ್ತು. ಬಾವ ಬೊಗಸೆ ತುಂಬ ಎತ್ತಿ ಬಂದವರಿಗೆಲ್ಲ ತೋರಿಸಿದ. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ವಾರ ಕಳೆಯುವುದರೊಳಗೆ ಮಿಲ್ಲಿನ ಮುಂದೆ ಗಾಡಿಗಳು ಸಾಲು ನಿಂತವು.

ಅಂಥದೊಂದು ದಿನ ಸೀತು ಬೆಳಗಿನಿಂದ ಅಂಗಳದ ಭತ್ತವನ್ನು ಕಾಲಿನಿಂದ ಎಳೆದು ಹರಡುತ್ತಿದ್ದಳು. ಗಾಡಿಯವರು ಗೊಣಗತೊಡಗಿದ್ದರು. ತ್ಯಾಂಪಣ್ಣನಿಗೆ ತಡೆಯಲಾಗಲಿಲ್ಲ.

"ಬಾವಾ, ಶುರು ಮಾಡು. ಇನ್ನೆಷ್ಟು ಕಾಯುದು?"

ಎಂಜಿನಿನ ಹಿಡಿಕೆ ಹಿಡಿದಿದ್ದ ಬಾವ ಅಲುಗಲಿಲ್ಲ. "ಜೈನಬಮ್ಮ ಇನ್ನೂ ಹೇಳ್ಲಿಲ್ಲ ಧಣಿ."

ಗೊಣಗಾಟ ನಿಂತಿತು. ತ್ಯಾಂಪಣ್ಣನ ಮುಖ ಕೆಂಪಾಯಿತು. ಅವನು ಹೋಗಿ ಒಂದು ಗೋಣಿಯ ಮೇಲೆ ಕುಳಿತುಕೊಂಡ.

ಜೈನಬಮ್ಮನ ಎದೆ ತುಂಬಿ ಬಂತು. ಒನಕೆ ಹಿಡಿದ ಇಷ್ಟು ವರ್ಷಗಳಲ್ಲಿ ಯಾರೂ ಅವಳ ಒಂದು ಮಾತಿಗೆ ಹೀಗೆ ಕಾದದ್ದಿಲ್ಲ. ಅವಳು ತಲೆಯ ಬಟ್ಟೆ ಸರಿಮಾಡಿಕೊಂಡು, ಅಂಗಳದ ನಡುವಿಗೆ ನಡೆದು, ಬಗ್ಗಿ ಒಂದು ಕಾಳು ಹೆಕ್ಕಿದಳು. ಸಿಪ್ಪೆ ಸುಲಿದು, ಹದ ನೋಡಲು ಹಲ್ಲಿನ ನಡುವೆ ಇಟ್ಟಳು. ಧಣಿ, ಬಾವ, ಗಾಡಿಯವರು, ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.