ಒಂದೇ ವಾರಿಗೆಯ ಜೋಡಿ

ನಾನು ಒಂದು ಎಸ್‌ಎಸ್‌ಡಿ. ಕಂಪ್ಯೂಟರಿನ ಹಾಡು, ಚಿತ್ರ, ಕಡತಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಳ್ಳುವ ಅಂಗೈಯಗಲದ ಪೆಟ್ಟಿಗೆ. ನನ್ನ ಹಿರಿಯರಾದ ಹಾರ್ಡ್‌ಡಿಸ್ಕುಗಳೊಳಗೆ ತಟ್ಟೆಗಳು ತಿರುಗುತ್ತಿದ್ದವು. ಸಾಯುವ ಮೊದಲು ಕಟಕಟ ಎಂದು ನರಳಿ ಮನೆಯವರನ್ನು ಎಚ್ಚರಿಸುತ್ತಿದ್ದವು. ನನ್ನೊಳಗೆ ತಿರುಗುವುದೇನೂ ಇಲ್ಲ. ನಾನು ಚುರುಕು, ಬಾಯಿ ಸತ್ತವನು. ನನ್ನ ಮೇಲೆ ಇಷ್ಟೇ ಸಲ ಬರೆಯಬಹುದು ಎಂಬ ಮಿತಿ ಹುಟ್ಟುವಾಗಲೇ ಹಣೆಯಲ್ಲಿ ಬರೆದಿತ್ತು. ಜೊತೆಗಿಟ್ಟ ಚೀಟಿಯಲ್ಲೂ ಅದನ್ನು ಅಚ್ಚು ಹಾಕಿದ್ದರು. ಆ ಚೀಟಿ ಓದಿದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ.

ಅದೇ ಕಾರ್ಖಾನೆಯಲ್ಲಿ, ಅದೇ ದಿನ, ನನ್ನ ಬೆನ್ನಿಗೇ ನನ್ನ ತಮ್ಮ ಹುಟ್ಟಿದ. ಇಬ್ಬರೂ ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟಿಗೆ ಬಂದೆವು. ಅಲ್ಲಿಗೆ ಒಂದು ದಿನ ಫಕ್ಕೀರಗೌಡರು ಬಂದರು. ರಾಣೆಬೆನ್ನೂರಿನಲ್ಲಿ ಅವರದೊಂದು ಸ್ಟುಡಿಯೋ. ಮದುವೆ ವಿಡಿಯೋ ಹೊಟ್ಟೆಪಾಡಿಗೆ, ಹಾಡಿನ ಧ್ವನಿಮುದ್ರಣ ಪ್ರೀತಿಗೆ. ಅವರ ಅಪ್ಪ ಎತ್ತಿನ ಸಂತೆಯಲ್ಲಿ ಹೆಸರಾದ ದಲ್ಲಾಳಿಯಂತೆ.

ಎರಡು ಡಿಸ್ಕುಗಳನ್ನು ಜೋಡಿಸುವುದಾದರೆ ಒಂದನ್ನು ಬೇರೆ ಕಂಪನಿಯದು ತೆಗೆದುಕೊಳ್ಳಿ, ಒಟ್ಟಿಗೆ ಹುಟ್ಟಿದವು ಒಟ್ಟಿಗೆ ದುಡಿದು ಒಟ್ಟಿಗೇ ಸೋಲುತ್ತವೆ ಎಂದು ಅಂಗಡಿಯವನು ಪಾಪ ಬಿಡಿಸಿ ಹೇಳಿದ. ಗೌಡರು ನಕ್ಕರು.

“ಮುದಿ ಎತ್ತಿಗೆ ಹೋರಿ ಕಟ್ಟಿದ್ರ ಸಾಲು ಸೊಟ್ಟ ಹೊಕ್ಕೈತಿ ತಮ್ಮಾ. ನಮಗ ಒಂದ ವಾರಿಗಿ ಜೋಡಿ ಕೊಡು.”

ಎತ್ತಿನ ವಿಷಯದಲ್ಲಿ ಅದು ನಿಜವೇ ಇರಬಹುದು. ನಾನು ಎತ್ತಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ಸ್ಟುಡಿಯೋದಲ್ಲಿ ನಮ್ಮಿಬ್ಬರನ್ನೂ ರೇಡ್ ಎಂಬ ನೊಗಕ್ಕೆ ಕಟ್ಟಿದರು. ನನ್ನ ಮೇಲೆ ಬರೆದದ್ದೆಲ್ಲ ಆ ಕ್ಷಣವೇ ತಮ್ಮನ ಮೇಲೂ ಬರೆಯಲ್ಪಡುತ್ತದೆ. ಒಬ್ಬ ಬಿದ್ದರೆ ಇನ್ನೊಬ್ಬ ಕೆಲಸ ನಡೆಸುತ್ತಾನೆ. ಇದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಒಮ್ಮೆ ಆಯುಧಪೂಜೆಗೆ ಧೂಳು ಹೊಡೆಯುವಾಗ ತಮ್ಮನ ಕೇಬಲ್ ಸಡಿಲಾಯಿತು. ನಾನೊಬ್ಬನೇ ಎಳೆದೆ, ಅರ್ಧಕ್ಕೆ ಬಂದಿದ್ದ ಮದುವೆ ವಿಡಿಯೋ ನಿಲ್ಲಲಿಲ್ಲ. ಕೇಬಲ್ ಸಿಕ್ಕಿಸಿದ ಮೇಲೆ ಅವನು ತಪ್ಪಿದ್ದನ್ನೆಲ್ಲ ನನ್ನಿಂದ ಬರೆದುಕೊಂಡ. ಗೌಡರು ಹಿಗ್ಗಿ ನಮ್ಮಿಬ್ಬರನ್ನೂ ಕೂರಿಸಿದ ಪೆಟ್ಟಿಗೆಗೆ ಕುಂಕುಮ ಹಚ್ಚಿದರು. ಹಚ್ಚಿದ್ದು ಎಲ್ಲಿ? ಅಪಾಯ ಬಂದರೆ ಕೆಂಪಗೆ ಉರಿಯುವ ದೀಪದ ಮೇಲೆ! ಇಂಥವರಿಗೆ ಏನು ಹೇಳುವುದು?

ಆ ವರ್ಷವೇ ಬಾಳವ್ವ ಬಂದಳು. ಗೌಡರ ತಾಯಿಯ ಜೊತೆ ಜೋಳ ಬೀಸಿದ ಮುದುಕಿ. ಬೀಸುವ ಹಾಡುಗಳು ಅವಳ ಬಾಯಲ್ಲಿ ರಾಶಿ ರಾಶಿ ಇದ್ದವು. ಗೌಡರು ಅವನ್ನೆಲ್ಲ ಮುದ್ರಿಸಿಕೊಂಡರು. ಎಡಿಟಿಂಗ್ ಮಾಡುವ ರೇಷ್ಮಾ ಕೆಮ್ಮು, ಬಸ್ಸಿನ ಹಾರ್ನು ತೆಗೆಯಲು ಒಂದೊಂದು ಹಾಡನ್ನೂ ಮತ್ತೆ ಮತ್ತೆ ಕೇಳುತ್ತಿದ್ದಳು. ಒಂದು ದಿನ ಅವಳ ಕೈತಪ್ಪಿನಿಂದ ಒಂದು ಹಾಡು ಪೂರ್ತಿ ಅಳಿಸಿಹೋಯಿತು. ಅಕ್ಕತಂಗಿಯರಿಬ್ಬರು ಒಂದೇ ಬೀಸುಕಲ್ಲಿಗೆ ಕೂತು ಜಗಳವಾಡುವ ಹಾಡು ಅದು. ಇನ್ನೊಂದರಲ್ಲಿ ಇರುತ್ತದಲ್ಲ ಎಂದು ಗೌಡರು ನನ್ನ ತಮ್ಮನೊಳಗೆ ಹುಡುಕಿದರು. ಎಲ್ಲಿಂದ ಬರಬೇಕು? ನಾನು ಅಳಿಸಿದ ಗಳಿಗೆಯಲ್ಲೇ ಅವನೂ ಅಳಿಸಿದ್ದ. ಹಣೆಯ ಕುಂಕುಮ ಒರೆಸಿಕೊಂಡರೆ ಕನ್ನಡಿ ಅದನ್ನು ತೆಗೆದಿಟ್ಟುಕೊಳ್ಳುತ್ತದೆಯೇ?

ಬಾಳವ್ವ ನಕ್ಕು ಇನ್ನೊಮ್ಮೆ ಹಾಡಿದಳು. ಹೊರಗಿನದೊಂದು ಡಿಸ್ಕಿನಲ್ಲಿ ಬೇರೆ ಪ್ರತಿ ತೆಗೆದು ಮನೆಯಲ್ಲಿಡೋಣ ಎಂದು ರೇಷ್ಮಾ ಅಂದಿನಿಂದಲೇ ಕೇಳತೊಡಗಿದಳು.

“ಎರಡು ಅದಾವಲ್ಲ, ಮೂರನೇದು ಯಾಕ?” ಎಂದು ಗೌಡರು ಪ್ರತಿ ಸಲವೂ ಬಾಯಿ ಮುಚ್ಚಿಸಿದರು. ಹಾಡುಗಳನ್ನು ಇಂಟರ್ನೆಟ್ಟಿಗೆ ಹಾಕುವುದೂ ಮುಂದಕ್ಕೆ ಹೋಯಿತು. ಒಂದು ಮದುವೆ ಮುಗಿಯುವಷ್ಟರಲ್ಲಿ ಇನ್ನೊಂದು ಮದುವೆ ಬರುತ್ತಿತ್ತು.

ಅಷ್ಟರಲ್ಲಿ ಬಾಳವ್ವನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಅವಳ ಹಾಡು ಈಗ ಲೋಕದಲ್ಲಿ ಇದ್ದದ್ದು ನಮ್ಮಿಬ್ಬರ ಹೊಟ್ಟೆಯಲ್ಲಿ ಮಾತ್ರ. ಆಮೇಲೂ ಆ ಪುಣ್ಯಾತ್ಮರು ಬೇರೆ ಪ್ರತಿ ತೆಗೆಯಲಿಲ್ಲ. ಮದುವೆಯ ಮೇಲೆ ಮದುವೆ ನಮ್ಮ ಮೇಲೆ ಸುರಿದರು, ಅಳಿಸಿದರು, ಮತ್ತೆ ಸುರಿದರು. ಬರೆಸಿಕೊಳ್ಳುವ ಮಿತಿ ಮುಗಿಯುತ್ತ ಬಂದು, ಕುಂಕುಮದ ಅಡಿಯಲ್ಲಿ ಕೆಂಪು ದೀಪ ಉರಿಯತೊಡಗಿತು.

ಒಂದು ಬೆಳಿಗ್ಗೆ ತಮ್ಮ ಏಳಲಿಲ್ಲ. ಒಂದು ಸದ್ದೂ ಮಾಡದೆ ಹೋಗಿಬಿಟ್ಟ. ನನಗೆ ಅವನಿಗಿಂತ ಹೆಚ್ಚು ಆಯುಷ್ಯ ಉಳಿದಿರಲಿಲ್ಲ, ಅವನ ಮೇಲೆ ಬಿದ್ದ ಭಾರವೆಲ್ಲ ನನ್ನ ಮೇಲೂ ಬಿದ್ದಿತ್ತು. ಮೊದಲು ಬಾಳವ್ವನ ಹಾಡು ತೆಗೆದುಕೊಳ್ಳೋಣ ಎಂದಳು ರೇಷ್ಮಾ. ಗೌಡರು ಹೊಸ ಡಿಸ್ಕು ತಂದು ನೊಗಕ್ಕೆ ಕಟ್ಟಿ, ಎಲ್ಲವನ್ನೂ ಒಮ್ಮೆಗೇ ಅದಕ್ಕೆ ತುಂಬಿಸಲು ಹಚ್ಚಿದರು. ಅರ್ಧ ದಾರಿಯಲ್ಲಿ ನಾನು ಮುಗ್ಗರಿಸಿದೆ. ಸವೆದ ಜಾಗಗಳಿಂದ ಅಕ್ಷರವೇ ಏಳಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

“ಆ ಮುದುಕಿಗೆ ಏನಂತ ಹೇಳ್ಲಿ ಯವ್ವಾ?” ಎಂದರು ಗೌಡರು.

ರೇಷ್ಮಾ ನನ್ನನ್ನು ನೊಗದಿಂದ ಬಿಡಿಸಿ ಒಂಟಿಯಾಗಿ ಸಿಕ್ಕಿಸಿದಳು. ಇನ್ನು ಬರೆಸಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ, ಇದ್ದದ್ದನ್ನು ಓದಿ ಕೊಡುವಷ್ಟು ಇತ್ತು. ಅವಳು ಒಂದೊಂದೇ ಹಾಡು ಕೇಳಿದಳು. ಸಿಟ್ಟೆಲ್ಲ ಬಿಟ್ಟು ಓದಿ ಕೊಟ್ಟೆ. ಎಲ್ಲವನ್ನೂ ಕೊಟ್ಟೆ, ಅಕ್ಕತಂಗಿಯರ ಹಾಡೊಂದನ್ನು ಬಿಟ್ಟು. ಅದು ಬರಲೇ ಇಲ್ಲ.

ಮರುವಾರ ಬಾಳವ್ವ ಕೇಳಲು ಬಂದಳು. ತನ್ನ ಧ್ವನಿ ಕೇಳುತ್ತ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೀಸುಕಲ್ಲು ತಿರುವಿದಳು. ಹಾಡುಗಳು ಮುಗಿದವು. ಇನ್ನೊಂದೆಲ್ಲಿ ಎಂದು ಎರಡು ಬೆರಳು ಜೋಡಿಸಿ ತೋರಿಸಿದಳು.

ಆಗ ರೇಷ್ಮಾ ಆ ಹಾಡನ್ನು ಮೆಲ್ಲಗೆ ತಾನೇ ಎತ್ತಿಕೊಂಡಳು. ಎಷ್ಟು ಸಲ ಕೇಳಿದ್ದಳೋ, ಪೂರ್ತಿ ಹಾಡು ಬಂತು. ಒಂದು ಕಡೆ ರಾಗದ ಎಳೆತ ತಪ್ಪಿತು. ಬಾಳವ್ವ ಅವಳ ಮೊಣಕಾಲಿಗೆ ತಟ್ಟಿ, ಮತ್ತೆ ಎಂದು ಸನ್ನೆ ಮಾಡಿದಳು. ಸರಿಯಾಗುವವರೆಗೆ ಬಿಡಲಿಲ್ಲ.

ಈಗ ನಾನು ಮೇಜಿನ ಖಾನೆಯಲ್ಲಿ ಸತ್ತ ಬ್ಯಾಟರಿಗಳ ನಡುವೆ ಬಿದ್ದಿದ್ದೇನೆ. ಗೌಡರು ಹೊಸ ಜೋಡಿ ತಂದಿದ್ದಾರೆ. ಕೇಳಿದರೆ ನಂಬುವುದಿಲ್ಲ, ಮತ್ತೆ ಒಂದೇ ವಾರಿಗೆಯದು! ಪುಣ್ಯಕ್ಕೆ ಹೊರಗಿನದೊಂದು ಡಿಸ್ಕನ್ನೂ ತಂದು ರೇಷ್ಮಾಳ ಮನೆಯಲ್ಲಿರಿಸಿದ್ದಾರೆ.

ಅವಳು ಕೆಲಸ ಮಾಡುತ್ತ ಆ ಹಾಡು ಗುನುಗುತ್ತಿರುತ್ತಾಳೆ. ಖಾನೆಯೊಳಗಿಂದ ಕೇಳುತ್ತೇನೆ, ಹೊಟ್ಟೆಕಿಚ್ಚಾಗುತ್ತದೆ. ವರ್ಷಗಟ್ಟಲೆ ಅದು ನನ್ನೊಳಗೇ ಇತ್ತು. ನನಗೆ ಒಂದು ಸಾಲೂ ಬರುವುದಿಲ್ಲ.