ಮರಳುಮೂಟೆ ಕೂತಿದ್ದ ಜಾಗ

"ಥೂ, ಕೊಳೆತ ಮೀನಿನ ಬುಟ್ಟಿ ಬಾಯಿ ತೆರೆದಂಗಿದೆ! ಕೈ ಎತ್ತೇ, ಎತ್ತು ಮೇಲಕ್ಕೆ!"

ಮ್ಯಾನೇಜರ್ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆಂಟಿನ ಡಬ್ಬಿ ಒತ್ತುತ್ತಿದ್ದ. ಚಿಪ್ಪಕ್ಕ ಎರಡೂ ಕೈ ಎತ್ತಿದಳು. ಕಂಕುಳಿಗೆ, ಕತ್ತಿಗೆ, ಕೊನೆಗೆ ತಲೆಗೂದಲಿಗೂ ಬುಸ್ಸೆಂದು ಬಿತ್ತು. ಕಣ್ಣಿಗೊಂದು ಹನಿ ಸಿಡಿದು ಉರಿಯಿತು. ಅವಳ ಹಿಂದೆ ಕಾಂಕ್ರೀಟು ಹೊರುವ ಹೆಂಗಸರು, ಕಂಬ ಹೊಡೆಯುವ ಗಂಡಸರು, ಸಿಕ್ಕಿಬಿದ್ದ ಕಳ್ಳರ ಹಾಗೆ ಕೈ ಎತ್ತಿ ಸಾಲಾಗಿ ನಿಂತಿದ್ದರು.

"ಹೊಸ ಅಂಗಿ ಕೊಟ್ಟಿದೀವಿ, ಗಲೀಜು ಮಾಡಿದ್ರೆ ಚರ್ಮ ಸುಲೀತೀನಿ. ಅತಿಥಿಗಳು ಬಂದಾಗ ಹಲ್ಲು ಕಾಣ್ಬೇಕು. ಬಂಡಿ ಮೇಲಕ್ಕೆ ಹೋದಾಗ ಕೂಗ್ಬೇಕು. ಖುಷೀಲಿ ಕೂಗ್ಬೇಕು, ಗೊತ್ತಾಯ್ತಾ?"

"ಖುಷಿ ಆಗ್ದಿದ್ರೆ ಸ್ವಾಮಿ?" ಎಂದ ಸಾಲಿನ ಕೊನೆಯಲ್ಲಿದ್ದ ಗ್ರೀಸಜ್ಜ. ಬಂಡಿಯ ಚೈನಿಗೆ ಗ್ರೀಸು ಬಳಿಯುವುದು ಅವನ ಕೆಲಸ.

"ಆಗುತ್ತೆ ಕಣೋ, ಬೋಳೀಮಗನೇ."

ಸಾಲು ನಕ್ಕಿತು. ಮ್ಯಾನೇಜರನೂ ನಕ್ಕು, ಅಜ್ಜನ ಬಾಯಿಗೇ ಒಂದು ಸಲ ಸೆಂಟು ಹೊಡೆದ.

ಕಂಪನಿಯವರು ಅದನ್ನು ರೋಲರ್ ಕೋಸ್ಟರ್ ಎನ್ನುತ್ತಿದ್ದರು. ಕಟ್ಟಿದವರ ಬಾಯಲ್ಲಿ ಅದು ಹುಚ್ಚುಬಂಡಿ. ದಡದಿಂದ ಉದ್ದಕ್ಕೆ ಕಾಲುಸೇತುವೆ, ಅದರ ತುದಿಗೆ ನೀರಿನ ಮೇಲೆಯೇ ಬಂಡಿ ಹತ್ತುವ ಕಟ್ಟೆ. ಅಲ್ಲಿಂದ ಮುಂದೆ ಹಳಿ ತೆರೆದ ಸಮುದ್ರದ ಮೇಲೆ ಏರಿ, ಮಗುಚಿ, ಅಲೆ ಮುಟ್ಟುವಷ್ಟು ಕೆಳಗೆ ಧುಮುಕಿ, ದೊಡ್ಡ ತಿರುವು ಸುತ್ತಿ ವಾಪಸು ಬರುತ್ತಿತ್ತು.

ನೀರಿನ ಮೇಲೆ ಇಂಥದ್ದು ನಿಲ್ಲುತ್ತದೆಯೇ ಎಂದು ಮೊದಲು ಓದಿದವರೇ ಜಗಳವಾಡಿದ್ದರು. ಕೆಳಗಿರುವುದು ಕೆಸರು, ಕಂಬಕ್ಕೆ ಗಟ್ಟಿ ನೆಲ ಸಿಗುವುದಿಲ್ಲ ಎಂದಿದ್ದ ಒಬ್ಬ. ಅಲೆ ಬುಡಕ್ಕೆ ಒದೆಯುತ್ತದೆ, ಗಾಳಿ ತಲೆಗೆ ಹೊಡೆಯುತ್ತದೆ, ಉಪ್ಪು ಕಬ್ಬಿಣವನ್ನೇ ತಿನ್ನುತ್ತದೆ ಎಂದಿದ್ದ ಇನ್ನೊಬ್ಬ. "ನೆಲದ ಮೇಲೆ ನಾಯೀನೂ ಕಟ್ಟುತ್ತೆ" ಎಂದ ಕಂಪನಿಯ ಧಣಿ ಇಬ್ಬರನ್ನೂ ಮನೆಗೆ ಕಳಿಸಿದ. ಆಗುತ್ತದೆ ಎಂದ ಮೂರನೆಯ ಇಂಜಿನಿಯರನ್ನು ಇಟ್ಟುಕೊಂಡ.

ಆದರೆ ಸೇತುವೆಗೆ ದಡ ಬೇಕಿತ್ತು, ದಡದಲ್ಲಿ ಜನರ ದೋಣಿಗಳಿದ್ದವು. ಅದನ್ನು ಬಿಡಿಸಿಕೊಟ್ಟವನು ಚಿಪ್ಪಕ್ಕನ ಮೈದುನ.

ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅತ್ತೆ ತೀರಿಕೊಂಡಿದ್ದಳು. ಕಡಲ ನೀರು ಇಳಿದ ಹೊತ್ತಿಗೆ ತಿನ್ನುವ ಚಿಪ್ಪು ಆಯಲು ಹೋಗುವಾಗ ಅವಳು ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡೇ ಕೆಸರಿಗೆ ಇಳಿಯುತ್ತಿದ್ದಳು. ಗಂಡ ಕಡಲಿನ ಪಾಲಾದ ಮೇಲೂ ತನ್ನ ಹೊಟ್ಟೆ ಕಟ್ಟಿ ಅವನ ಹೊಟ್ಟೆ ತುಂಬಿಸಿದಳು. ಅದೇ ಕೂಸು ಬೆಳೆದು ಧಣಿಯ ಹತ್ತಿರ ಮೇಸ್ತ್ರಿಯಾಯಿತು. ಒಂದು ದಿನ ದೋಣಿಗಳ ನಡುವೆ ಜನರನ್ನು ಸೇರಿಸಿ, "ಬಂಡಿ ಓಡೋದು ನೀರಿನ ಮೇಲೆ, ದಡ ನಮ್ಮದೇ ಇರುತ್ತೆ. ಸುಳ್ಳಾದ್ರೆ ನನ್ನ ಅತ್ತಿಗೆ ಆಣೆ!" ಎಂದು ಅವಳ ತಲೆಯ ಮೇಲೆ ಕೈಯಿಟ್ಟ. ಜನ ಅವನನ್ನು ನಂಬಲಿಲ್ಲ, ಅವಳ ತಲೆಯನ್ನು ನಂಬಿದರು.

ಆಮೇಲೆ ತಂತಿ ಬೇಲಿ ಬಂತು. ಹಳಿಯ ಕೆಳಗೆ ದೋಣಿ ಬರಕೂಡದು ಎಂದಾಯಿತು. ಕಂಬ ಹೊಡೆದಾಗ ಎದ್ದ ಕೆಸರು ಚಿಪ್ಪು ಸಿಗುತ್ತಿದ್ದ ದಿಬ್ಬವನ್ನೇ ಮುಚ್ಚಿತು. ದೋಣಿ ಇದ್ದವರು ಧಣಿಯ ಕೂಲಿಗೆ ನಿಂತರು. "ನಿನ್ನ ತಲೆ ಇನ್ನೂ ನೆಟ್ಟಗಿದೆಯಲ್ಲೇ, ಸಿಡೀಲಿಲ್ವಾ?" ಎಂದು ಹೆಂಗಸರು ನೀರಿನ ನಲ್ಲಿಯ ಹತ್ತಿರ ಚುಚ್ಚಿದಾಗ ಚಿಪ್ಪಕ್ಕ, "ಅವನಿಗೂ ಧಣಿ ಟೋಪಿ ಹಾಕಿದಾನೆ ಕಣ್ರೇ, ಅವನೇನು ಮಾಡ್ತಾನೆ ಪಾಪ" ಎನ್ನುತ್ತಿದ್ದಳು. ಹಾಗಂತ ತಾನೂ ನಂಬಿದ್ದಳು.

ಈಗ ಅವಳು ಬಂಡಿಯ ಮುಂದಿನ ಸೀಟಿನಲ್ಲಿ ಕೂತಳು. ನಿನ್ನೆ ಪರೀಕ್ಷೆಯ ಓಟಕ್ಕೆ ಅಲ್ಲಿ ಕೂತದ್ದು ಮರಳುಮೂಟೆ. ಸೀಟಿನ ಸಂದಿಯಲ್ಲಿ ಮರಳು ಇನ್ನೂ ಚುಚ್ಚುತ್ತಿತ್ತು. ಪಕ್ಕದಲ್ಲಿ ಅವಳ ಓರಗಿತ್ತಿ, ಮೈದುನನ ಹೆಂಡತಿ, ಮದುವಣಗಿತ್ತಿಯ ಹಾಗೆ ಕೆಂಪಾಗಿ ಕೂತು ಕಾಲಾಡಿಸುತ್ತಿದ್ದಳು.

ಮೈದುನ ಓಡಿಬಂದ.

"ಏಯ್, ಇಳಿಯೇ ಕೆಳಗೆ! ಅತಿಥಿಗಳಿಗೆ ಚಹಾ ಯಾರು ಕಾಸ್ತಾರೆ, ನಿನ್ನಪ್ಪನಾ?"

"ಬೇರೆಯವ್ರು ಇದಾರಲ್ರೀ. ಒಂದೇ ಸಲ ಕೂತ್ಕೋತೀನಿ, ಆಸೆ ಆಗಿದೆ..."

ಅವನು ರಟ್ಟೆ ಹಿಡಿದು ಎಳೆದ. ಹೆಂಡತಿಯ ಮೇಲೆ ಒಂದು ದಿನವೂ ಕೈ ಮಾಡಿದವನಲ್ಲ. ಓರಗಿತ್ತಿ ಅಳುತ್ತಾ ಸೇತುವೆಯ ಮೇಲೆ ಹೋದಳು.

"ಏನೋ ಇದು?" ಎಂದಳು ಚಿಪ್ಪಕ್ಕ.

ಅವನು ಸೀಟಿನ ಸರಳು ನೋಡುವವನಂತೆ ಬಗ್ಗಿದ. "ಅತ್ತಿಗೆ, ಕಾಲು ನೋವು ಅಂತ ಹೇಳಿ ನೀನೂ ಇಳಿದ್ಬಿಡು."

"ಯಾಕೆ?"

"ಕೇಳ್ಬೇಡ."

"ಹೇಳ್ದೆ ಇಳಿಯೋಳಲ್ಲ ನಾನು."

ಅವನು ಆಚೀಚೆ ನೋಡಿದ. "ನಿನ್ನೆ ಮೂಟೆ ಹಾಕಿ ಓಡಿಸ್ದಾಗ ದೊಡ್ಡ ತಿರುವಿನ ಕಂಬ ವಾಲ್ತು. ಬುಡ ಬಿರುಕು ಬಿಟ್ಟಿದೆ. ಜನರನ್ನ ಕೂರಿಸ್ಬಾರ್ದು ಅಂದ್ರು ಇಂಜಿನಿಯರು. ದುಡ್ಡು ಹಾಕೋರು ಬರ್ತಾ ಇದಾರೆ, ಮೂಟೆ ನೋಡಿ ಯಾರು ಹಾಕ್ತಾರೆ, ಒಂದು ಸುತ್ತು ತಾನೇ ಅಂದ ಧಣಿ. ಏನೂ ಆಗಲ್ಲ ಅತ್ತಿಗೆ. ಆಗ್ಲಿಕ್ಕಿಲ್ಲ."

"ಮತ್ತೆ ಇವರು?"

ಅವನು ಸರಳನ್ನು ಅಲ್ಲಾಡಿಸಿ ನೋಡಿದ.

"ಹಿಂದೆ ಕೂತಿರೋ ಅಜ್ಜ ನಿನಗೆ ಈಜು ಕಲಿಸ್ದೋನು ಕಣೋ."

"ಎಲ್ರೂ ಇಳಿದ್ರೆ ನನ್ನ ಗತಿ ಏನು? ಇವರು ಇಳಿದ್ರೆ ಇನ್ನೊಂದು ಸಾಲು ತಂದು ಕೂರಿಸ್ತಾರೆ. ದಡದಲ್ಲಿ ಹಸಿದೋರಿಗೆ ಬರವಾ?"

ಅದು ನಿಜವೇ ಆಗಿತ್ತು. ಆದರೆ ಅವನು ಅದನ್ನು ಹೇಳಿದ ರೀತಿ ಧಣಿಯದೇ ಆಗಿತ್ತು. ದಡ ಹೋದ ದಿನ ಅವನೂ ತನ್ನ ಹಾಗೆ ಮೋಸ ಹೋದವನು ಎಂದುಕೊಂಡಿದ್ದಳಲ್ಲ, ಆ ನಂಬಿಕೆ ಅವಳೊಳಗೆ ಸದ್ದಿಲ್ಲದೆ ಕುಸಿದು ಕೂತಿತು. ಅವತ್ತೂ ಇವನಿಗೆ ಗೊತ್ತಿತ್ತು. ಗೊತ್ತಿದ್ದೇ ತಲೆ ಮುಟ್ಟಿದ್ದ.

ಸೇತುವೆಯ ಮೇಲೆ ಬೂಟುಗಳ ಸದ್ದು ಕೇಳಿತು. ಧಣಿ ಮುಂದೆ, ತಂಪು ಕನ್ನಡಕದ ಅತಿಥಿಗಳು ಹಿಂದೆ. ಮ್ಯಾನೇಜರ್ ಸೊಂಟ ಮುರಿದವನಂತೆ ಬಾಗಿದ್ದ. ಚಿಪ್ಪಕ್ಕ ಎದ್ದು ನಿಂತು ಕಟ್ಟೆಗೆಲ್ಲ ಕೇಳುವ ಹಾಗೆ ಕೂಗಿದಳು:

"ನೋಡ್ರಪ್ಪೋ! ಮೇಸ್ತ್ರಿ ನಮ್ಮ ಜೊತೆ ಕೂರ್ತಾನಂತೆ!"

ಬಂಡಿಯ ತುಂಬ ಸಿಳ್ಳೆ, ಚಪ್ಪಾಳೆ. "ಭಲೇ ಮೇಸ್ತ್ರಿ!" ಎಂದ ಗ್ರೀಸಜ್ಜ. ಅತಿಥಿಗಳೂ ಕೈ ತಟ್ಟಿದರು. ಅವರೆದುರು ಧಣಿಯ ಎದೆ ಉಬ್ಬಿತು.

"ಕೂತ್ಕೊಳ್ಳಯ್ಯ, ಅದೇನು ನಾಚಿಕೆ!"

"ಧಣಿ, ನಾನು... ಕೆಲಸ ಇದೆ..."

"ಕೂತ್ಕೋ ಅಂದೆ."

ಹಿಂದಿನಿಂದ ನಾಲ್ಕಾರು ಕೈಗಳು ಪ್ರೀತಿಯಿಂದಲೇ ಅವನನ್ನು ಎಳೆದು, ಹೆಂಡತಿ ಬಿಟ್ಟುಹೋದ ಸೀಟಿಗೆ ಹಾಕಿದವು. ಇಂಜಿನಿಯರ್ ಬಂಡಿ ನಡೆಸುವ ಗಾಜಿನ ಗೂಡಿನೊಳಗೆ ಒಂದು ಗುಂಡಿ ಒತ್ತಿದ. ಸರಳುಗಳೆಲ್ಲ ಒಟ್ಟಿಗೆ ಕೆಳಗಿಳಿದು ತೊಡೆಯ ಮೇಲೆ ಖಟ್ಟೆಂದು ಬಿಗಿದವು. ಇನ್ನು ಇಂಜಿನಿಯರ್ ಬಿಟ್ಟರೆ ಮಾತ್ರ ಏಳಬಹುದು.

"ಇಂಥ ಅನುಭವ ಎಲ್ಲೂ ಸಿಗಲ್ಲ" ಎಂದು ಧಣಿ ಅತಿಥಿಗಳಿಗೆ ಹೇಳುತ್ತಿದ್ದ. "ಸುತ್ತ ನೀರು, ಮೇಲೆ ಆಕಾಶ. ನಮ್ಮ ಕೆಲಸದವರಿಗೇ ಮೊದಲನೇ ಸವಾರಿ."

ಕೆಳಗೆ ಚೈನು ಒಮ್ಮೆ ಜಗ್ಗಿತು. ಮೈದುನನ ಉಗುರು ಚಿಪ್ಪಕ್ಕನ ರಟ್ಟೆಗೆ ಇಳಿಯಿತು.

"ನಿಲ್ಸಿ! ನಿಲ್ಸ್ರೋ! ಕಂಬ ಬಿರುಕು ಬಿಟ್ಟಿದೆ! ತಿರುವಲ್ಲಿ ಬೀಳುತ್ತೆ, ಎಲ್ರೂ ಸಾಯ್ತೀವಿ! ನಿನ್ನೇನೇ ಗೊತ್ತಾಗಿದೆ, ಧಣಿಗೂ ಗೊತ್ತು!" ಎಂದು ಅವನು ಕಿರುಚಿದ.

ಇಂಜಿನಿಯರನ ಕೈ ಗುಂಡಿಯಿಂದ ಸರಿಯಿತು. ಚೈನು ನಿಂತಿತು. ಸಿಳ್ಳೆಗಳು ನಿಂತವು. ಹಿಂದಿನ ಸೀಟುಗಳಲ್ಲಿ ಯಾರೋ ಸರಳನ್ನು ಮೇಲಕ್ಕೆ ಎತ್ತಲು ಹೆಣಗುವುದು, ಯಾರೋ ಮಕ್ಕಳ ಹೆಸರು ಕರೆಯುವುದು ಮಾತ್ರ ಕೇಳುತ್ತಿತ್ತು. ಒಬ್ಬ ಅತಿಥಿ ಕನ್ನಡಕ ತೆಗೆದ. "ಏನು ಹೇಳ್ತಿದಾನೆ ಅವನು?"

ಧಣಿ ನಗುತ್ತಲೇ ಬಂಡಿಯ ಹತ್ತಿರ ಬಂದ. ಬಗ್ಗಿದ ಮೇಲೆ ಆ ನಗು ಇರಲಿಲ್ಲ.

"ಸೂಳೆಮಗನೇ, ಭಯದಲ್ಲಿ ಏನೋ ಬೊಗಳಿದೆ, ಸುಳ್ಳು ಅಂತ ಜೋರಾಗಿ ಹೇಳು. ಸರಳು ತೆಗೆಸಿ ನಿನ್ನ ಇಳಿಸ್ತೀನಿ. ಇಲ್ಲಾ, ಇವರ ಜೊತೆ ಇಲ್ಲೇ ಸಾಯಿ."

"ಲೋ ಮೇಸ್ತ್ರಿ," ಎಂದ ಹಿಂದಿನಿಂದ ಗ್ರೀಸಜ್ಜ, ಬಹಳ ಮೆಲ್ಲಗೆ. "ನಮಗೆಲ್ಲ ಕೇಳಿಸ್ತು ಕಣೋ."

ಮೈದುನ ಧಣಿಯ ಮುಖ ನೋಡಿದ. ಅತಿಥಿಗಳ ಮುಖ ನೋಡಿದ. ಚಿಪ್ಪಕ್ಕನ ಕಡೆ ಮಾತ್ರ ತಿರುಗಲಿಲ್ಲ. ಗಂಟಲು ಸರಿ ಮಾಡಿಕೊಂಡು, ಬಾಯಿ ತೆರೆದ.

ಚಿಪ್ಪಕ್ಕ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಚಿಪ್ಪಿನ ಅಂಚು ಕೊಯ್ದು ಕೊಯ್ದು ದಡ್ಡುಗಟ್ಟಿದ ಕೈ ಅದು. ಅವನು ತಲೆ ಕೊಡವಿದ. ಅವಳು ಇನ್ನೊಂದು ಕೈಯನ್ನು ಅವನ ಹಿಂದಲೆಗೆ ಕೊಟ್ಟು, ಔಷಧಿ ಉಗುಳುವ ಕೂಸನ್ನು ಹಿಡಿಯುವಂತೆ ಬಿಗಿಯಾಗಿ ಹಿಡಿದಳು.

"ಹೇಳಿದ್ದು ಹೇಳಿ ಆಯ್ತು. ಸುಮ್ನಿರು."

"ಬಿಡೇ, ನಾಯಿ!" ಧಣಿ ಅವಳ ಕೂದಲಿಗೆ ಕೈ ಹಾಕಿ ಜಗ್ಗಿದ. ಅತಿಥಿಗಳಲ್ಲಿ ಕೆಲವರು ಆಗಲೇ ಸೇತುವೆಯ ಕಡೆ ತಿರುಗಿದ್ದರು. ಕೆಲವರು ನೋಡುತ್ತ ನಿಂತಿದ್ದರು. ತಲೆ ಹಿಂದಕ್ಕೆ ಮುರಿದಂತಾಗಿ ಅವಳಿಗೆ ಆಕಾಶವೊಂದೇ ಕಾಣುತ್ತಿತ್ತು. ಅಂಗೈಯ ಕೆಳಗೆ ಅವನ ಹಲ್ಲು ಕಚ್ಚಿತು. ರಕ್ತ ಮಣಿಕಟ್ಟಿನವರೆಗೆ ಬೆಚ್ಚಗೆ ಹರಿಯಿತು.

ಅವಳು ಕೈ ತೆಗೆಯಲಿಲ್ಲ.